ನೀರು ಹರಿಯೋ ದಾರಿ ನೋಡಿ ತೋಟ ಮಾಡಿ

ಗೋವಾದ ಫೋಂಡಾ ಕಡೆ ಕುಳಾಗರ್ ಅಂತಾರಲ್ಲ, ಹಲವು ಬೆಳೆ ಒಟ್ಟಿಗಿರೋ ತೋಟ, ಅದನ್ನ ನೋಡಿದ್ರೆ ನಮ್ಮ ಶಿರಸಿ ಕಡೆಯವರಿಗೆ ಊರಿಗೇ ಬಂದಂಗಾಗುತ್ತೆ, ಮೇಲೆ ತೆಂಗು ಅಡಿಕೆ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಜಾಯಿಕಾಯಿ, ನೆಲದಲ್ಲಿ ಅನಾನಸು. ಪ್ರಕೃತಿಯ ರೀತಿ ನೋಡ್ಕೊಂಡು ತೋಟ ಮಾಡೋ ಪದ್ಧತಿಗೆ ಪರ್ಮಾಕಲ್ಚರ್ ಅನ್ನೋ ಹೆಸರನ್ನ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್, ಡೇವಿಡ್ ಹೋಮ್‌ಗ್ರೆನ್ ಇಟ್ರು, ಆದ್ರೆ ಕಾಡಿನ ಅಂತಸ್ತು ನೋಡ್ಕೊಂಡು ತೋಟ ಕಟ್ಟೋದು ಇಲ್ಲಿ ಅದಕ್ಕಿಂತ ಎಷ್ಟೋ ಹಳೇದು.

ಹೋಮ್‌ಗ್ರೆನ್ ಹೇಳೋ 12 ತತ್ವಗಳಲ್ಲಿ ನಂಗೆ ತುಂಬಾ ಇಷ್ಟ ಆಗೋದು, ಮೊದಲು ಪ್ಯಾಟರ್ನ್, ಅಂದ್ರೆ ಒಟ್ಟು ವಿನ್ಯಾಸ ನೋಡಿ, ವಿವರಕ್ಕೆ ಆಮೇಲೆ ಬನ್ನಿ ಅನ್ನೋದು. ಗೋವಾದಲ್ಲಿ ಇದಕ್ಕೆ ಜೂನ್ ತಿಂಗಳೇ ಬೆಸ್ಟ್. ಜೋರು ಮಳೆ ಬರೋವಾಗ ಛತ್ರಿ ಹಿಡ್ಕೊಂಡು ಇಳಿಜಾರಲ್ಲಿ ನಿಂತ್ರೆ ಗೊತ್ತಾಗುತ್ತೆ, ಸಣ್ಣ ಸಣ್ಣ ನೀರಿನ ಗೆರೆಗಳು ಎಲೆಯ ನರದ ಥರ ಸೇರ್ಕೊಂಡು ದೊಡ್ಡದಾಗ್ತಾ ಹೋಗ್ತವೆ, ದೊಡ್ಡದಾದಷ್ಟೂ ಮಣ್ಣು ಕೆಂಪಗೆ ಕೊಚ್ಕೊಂಡು ಹೋಗುತ್ತೆ. ಹಾಗಾಗಿ ನೀರನ್ನ ಮೇಲೇ, ಅದು ಇನ್ನೂ ಸಣ್ಣದಿರೋವಾಗ್ಲೇ ತಡೀಬೇಕು. ಮೂರು ಕೋಲನ್ನ ಇಂಗ್ಲಿಷಿನ A ಆಕಾರಕ್ಕೆ ಕಟ್ಟಿ ಎ-ಫ್ರೇಮ್ ಮಾಡಿ, ದಾರಕ್ಕೆ ಕಲ್ಲು ತೂಗಿಬಿಟ್ಟು ಸಮಮಟ್ಟದ ಗೆರೆ ಹುಡುಕಿ, ಅದರ ಮೇಲೆ ನೀರು ಇಂಗಿಸೋ ಇಂಗುಕಾಲುವೆ ತೋಡಿ, ತೆಗೆದ ಮಣ್ಣಿಂದ ಕೆಳಬದಿಗೆ ಏರಿ ಹಾಕೋದು. ಹೆಚ್ಚಾದ ನೀರು ಹೋಗೋಕೆ ಕಲ್ಲು ಹಾಸಿದ ದಾರಿ ಬಿಡ್ಲೇಬೇಕು, ಈ ಮಳೆಗೆ ಇಲ್ಲಾಂದ್ರೆ ಏರಿ ಒಡೆಯುತ್ತೆ. ಏರಿ ಕೆಳಗೆ ಬಾಳೆ ಹಾಕಿ.

ಜಾಗ ಕಡಿಮೆ ಇದ್ರೆ ಚಿರೇಕಲ್ಲಲ್ಲಿ ಮೇಲಕ್ಕೇರೋ ಸುರುಳಿ ಮಡಿ ಕಟ್ಟಿ, ತುದಿ ಬೇಗ ಒಣಗುತ್ತೆ, ಅಲ್ಲಿಗೆ ದೊಡ್ಡಪತ್ರೆ, ಬುಡದಲ್ಲಿ ಸದಾ ತೇವ, ಅಲ್ಲಿಗೆ ಪುದೀನ, ಒಂದೆಲಗ.