89 ಡಿಗ್ರಿಯ ಹಲಗೆ

ಹಳೆಯ ಮನೆಯ ಅಟ್ಟ ಬಿಚ್ಚಿಸಿದಾಗ ಹಲಸಿನ ನಾಲ್ಕು ಹಲಗೆಗಳು ಸಿಕ್ಕಿದವು. ಒಂದೊಂದೂ 5 ಅಡಿ ಉದ್ದ, ಏಳೂವರೆ ಇಂಚು ಅಗಲ. ಹೊಗೆ ಕುಡಿದು ಕಪ್ಪಾಗಿದ್ದವು. ಅಂಚಿಗೆ ಅಂಚು ಸೇರಿಸಿದರೆ ಊಟದ ಮೇಜಾಗುತ್ತದೆ ಎಂದು ಲೆಕ್ಕ ಹಾಕಿದೆ. ಹೈಸ್ಕೂಲಿನಲ್ಲಿ 30 ವರ್ಷ ಗಣಿತ ಕಲಿಸಿದವನಿಗೆ ಇದೊಂದು ಲೆಕ್ಕವೇ?

ಅಂಟು ಸುರಿದೆ. ಕ್ಲಾಂಪುಗಳನ್ನೆಲ್ಲ ಮೇಲಿನಿಂದಲೇ ಹಾಕಿ, ಕೈ ನೋಯುವಷ್ಟು ಬಿಗಿದೆ. ಬೆಳಿಗ್ಗೆ ಬಿಚ್ಚಿದರೆ ನನ್ನ ಮೇಜು ಮೊರದ ಹಾಗೆ ಬಾಗಿತ್ತು. ಒಂದು ಸಂದಿನಲ್ಲಿ ಹಿತ್ತಲಿನ ಬಿಸಿಲು ಕಾಣುತ್ತಿತ್ತು.

ಕಿಟಕಿ ರಿಪೇರಿಗೆ ಬಂದಿದ್ದ ಆಚಾರಿಗಳು ಅದನ್ನು ನೋಡಿ ನಗಲಿಲ್ಲ, ಅಷ್ಟು ದೊಡ್ಡ ಮನುಷ್ಯರು. "ಮೇಷ್ಟ್ರೇ, ಬಿಗಿದಿದ್ದೀರಿ ಸರಿ. ಕೀಸಿದ್ದು ಯಾವಾಗ?" ಎಂದರು, ಅಷ್ಟೇ.

ಸಂದುಗಳನ್ನು ಗರಗಸದಿಂದ ಬಿಡಿಸಿ ಮೊದಲಿನಿಂದ ಶುರು ಮಾಡಿದೆವು. ಹಲಗೆಯ ಎರಡು ತುದಿಗಳಲ್ಲಿ ಅಡ್ಡವಾಗಿ ಒಂದೊಂದು ನೇರವಾದ ಪಟ್ಟಿ ಇಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದರು. ಹತ್ತಿರದ ಪಟ್ಟಿಯ ಮೇಲೆ ದೂರದ ಪಟ್ಟಿಯ ಬಲಮೂಲೆ ಮಾತ್ರ ಇಣುಕುತ್ತಿತ್ತು. ಹಲಗೆ ತಿರುಚಿಕೊಂಡಿದೆ ಎಂದು ಬರಿಗಣ್ಣಿಗೆ ಗೊತ್ತೇ ಆಗಿರಲಿಲ್ಲ. ಎತ್ತರವಿದ್ದ ಮೂಲೆಗಳಿಗೆ ಸೀಮೆಸುಣ್ಣ ಬಳಿದು ಅಲ್ಲಿ ಓರೆಯಾಗಿ ಕೀಸುಳಿ ಹೊಡೆದರು. ಮೊದಲು ಮಸಿ ಉದುರಿತು. ಆಮೇಲೆ ಹಲಸಿನ ತೊಳೆಯ ಬಣ್ಣದ ಸುರುಳಿಗಳು. ಹಲಸಿನ ನಾರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ನಾನು ಕೈ ಹಾಕಿದಲ್ಲಿ ಚೆಕ್ಕೆ ಎದ್ದಿತು. ಅವರು ಕೀಸುಳಿಯ ಅಲಗನ್ನು ಒಂದಿಷ್ಟು ಒಳಗೆ ಸರಿಸಿ, ಎದುರು ದಿಕ್ಕಿನಿಂದ ಎಳೆದರು. ಚೆಕ್ಕೆ ನಿಂತಿತು.

ಅಂಚಿನ ಕೆಲಸದಲ್ಲಿ ನನ್ನ ಮಾನ ಹೋಯಿತು. ಎರಡು ಹಲಗೆಗಳನ್ನು ಪುಸ್ತಕ ಮುಚ್ಚಿದಂತೆ ಮುಖಕ್ಕೆ ಮುಖ ಸೇರಿಸಿ ವೈಸಿಗೆ ಕಚ್ಚಿಸಿ, ಎರಡರ ಅಂಚನ್ನೂ ಒಟ್ಟಿಗೇ ಕೀಸಿದರು. "ಕೈ ಒಂದಿಷ್ಟು ವಾಲಿದರೆ?" ಎಂದು ಕೇಳಿದೆ. "ವಾಲಲಿ ಬಿಡಿ" ಎಂದು ಹಲಗೆಗಳನ್ನು ಪುಸ್ತಕದಂತೆ ಬಿಡಿಸಿ ಅಂಚಿನ ಮೇಲೆ ಅಂಚು ನಿಲ್ಲಿಸಿದರು. ಒಂದು 89 ಡಿಗ್ರಿ ಆದರೆ ಇನ್ನೊಂದು ತಾನಾಗಿ 91. ಪರಿಪೂರಕ ಕೋನಗಳ ಮೊತ್ತ 180 ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು! ಪಕ್ಕದ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ತುದಿಗಳಲ್ಲಿ ಬೆಳಕಿಲ್ಲ, ನಡುವೆ ಮಾತ್ರ ಕಾಗದ ತೂರುವಷ್ಟು. ಅದನ್ನು ಬೇಕೆಂದೇ ಬಿಟ್ಟಿದ್ದರು. ಹಲಗೆಯ ತುದಿ ಬೇಗ ಒಣಗಿ ಕುಗ್ಗುವುದರಿಂದ ಸಂದು ಮೊದಲು ಬಾಯಿ ಬಿಡುವುದು ಅಲ್ಲೇ. ನಡುವನ್ನು ಬಿಗಿದಾಗ ತುದಿಗಳು ಇನ್ನಷ್ಟು ಒತ್ತಿಕೊಳ್ಳುತ್ತವೆ.

ಈ ಸಲ ಅಂಟು ತೆಳುವಾಗಿ ಹಚ್ಚಿದೆವು. ಕ್ಲಾಂಪು ಒಂದು ಮೇಲೆ, ಒಂದು ಕೆಳಗೆ. ಸಂದಿನುದ್ದಕ್ಕೂ ಸಾಸಿವೆ ಕಾಳಿನಂತೆ ಅಂಟು ಹೊರಬಂದ ಕೂಡಲೇ ಬಿಗಿಯುವುದನ್ನು ನಿಲ್ಲಿಸಿದರು. ನನ್ನ ಕೈ ಇನ್ನೊಂದು ಸುತ್ತು ತಿರುಗಿಸಲು ತವಕಿಸುತ್ತಿತ್ತು.

ಮೇಜಿನ ಚೌಕಟ್ಟಿನಲ್ಲಿ ಸ್ಕ್ರೂ ತೂತುಗಳನ್ನು ಉದ್ದುದ್ದ ಕೊರೆದರು, ಮಳೆಗಾಲದಲ್ಲಿ ಹಲಗೆ ಅಡ್ಡಕ್ಕೆ ಉಬ್ಬುತ್ತದೆಂದು. ಎಷ್ಟು ಎಂದು ಕೇಳಿದ್ದಕ್ಕೆ, "ಸ್ಕೇಲು ನಿಮ್ಮಲ್ಲೇ ಇದೆಯಲ್ಲ" ಎಂದರು. ಜುಲೈನಲ್ಲಿ ಅಳೆದೆ: 3 ಮಿಲಿಮೀಟರ್. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟು, ಈಗ ಡಿಸೆಂಬರಿಗೆ ಕಾಯುತ್ತಿದ್ದೇನೆ.