ಮಂಗನ ಕಾಯಿಲೆ ಶೀಟು: ಸಿದ್ದಾಪುರದ ಎರಡನೇ ಗುಡ್ಡ ಕರಗಿತು

ಮಂಗನ ಕಾಯಿಲೆಯ ದಿನದ ಬುಲೆಟಿನ್ನನ್ನು ತಾಲೂಕುವಾರು ಶೀಟಿಗೆ ತುಂಬಿ ಪ್ರಕರಣಗಳ ಗೆರೆ ಎಳೆಯುತ್ತೇವೆ. ಅದರಲ್ಲಿ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಗೆರೆ ಒಮ್ಮೆ ಏರಿ ಇಳಿದು, ಎರಡು ವಾರಕ್ಕೆ ಮತ್ತೆ ಗುಡ್ಡ ಕಟ್ಟುತ್ತಿತ್ತಲ್ಲ, ಆ ಗುಡ್ಡ ಕಾಡಿನಲ್ಲಿ ಇರಲೇ ಇಲ್ಲ. ಇದ್ದದ್ದು ಶೀಟಿನ ದಿನಾಂಕದ ಕಾಲಮ್ಮಿನಲ್ಲಿ. ಅಲ್ಲಿ ಬುಲೆಟಿನ್ ಬಂದ ದಿನ ಇತ್ತು, ಈಗ ಜ್ವರ ಶುರುವಾದ ದಿನ.

ದಿನದ ಹೊಸ ಪ್ರಕರಣ ತಿಳಿಯಲು ಬುಲೆಟಿನ್ನಿನ ಇಂದಿನ ಒಟ್ಟಿನಿಂದ ನಿನ್ನೆಯದನ್ನು ಕಳೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕಳೆದಾಗ −2 ಬಂದರೆ ಮಾತ್ರ ಸೊನ್ನೆ ಹಾಕಿ ಮುಚ್ಚಬೇಡಿ. ರೋಗಿಯ ಊರು ಬೇರೆ ತಾಲೂಕಿನದೆಂದು ಆಮೇಲೆ ತಿದ್ದಿರಬಹುದು. ಅದೇ ದಿನ ಶಿರಸಿ ಅಥವಾ ಹೊನ್ನಾವರದ ಲೆಕ್ಕ 2 ಏರಿದೆಯಾ ನೋಡಿ.

ಗುಡ್ಡದ ಒಂದು ಬೇರು ಐಜಿಎಂ, ಅಂದರೆ ಸೋಂಕಿನ ವಿರುದ್ಧ ದೇಹ ಹುಟ್ಟಿಸುವ ಪ್ರತಿಕಾಯ. ಪಿಸಿಆರ್ ಪರೀಕ್ಷೆ ವೈರಾಣುವನ್ನೇ ಹಿಡಿಯುವುದರಿಂದ ಪಾಸಿಟಿವ್ ಬಂದರೆ ಜ್ವರ ಹೊಸದು. ಐಜಿಎಂ ಹಾಗಲ್ಲ, ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ರಕ್ತದಲ್ಲಿರುತ್ತದೆ. ಊರಲ್ಲಿ ಒಂದು ಶಿಬಿರ ನಡೆದು ಮಾದರಿಗಳು ಒಟ್ಟಿಗೆ ಹೋದವೋ, ತಿಂಗಳ ಹಿಂದಿನ ಜ್ವರಗಳೆಲ್ಲ ಒಂದೇ ಮಂಗಳವಾರ ಬುಲೆಟಿನ್ನಿಗೆ ಬಂದು ಕೂರುತ್ತವೆ.

ಇನ್ನೊಂದು ಬೇರು ಕಾಯಿಲೆಯದೇ ಸ್ವಭಾವ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ತಲೆನೋವು, ಕೈನಡುಕದ ಜೊತೆ. ಮೊದಲ ಸಲ ತಾಲೂಕು ಆಸ್ಪತ್ರೆ, ಎರಡನೇ ಸಲ ಜಿಲ್ಲೆ ದಾಟಿ ದೊಡ್ಡಾಸ್ಪತ್ರೆ. ಎರಡೂ ಕಡೆಯಿಂದ ವರದಿ ಬಂದರೆ ಒಬ್ಬರೇ ಇಬ್ಬರಾಗುತ್ತಾರೆ. ಗುಡ್ಡ ಎರಡು ವಾರಕ್ಕೇ ಎದ್ದದ್ದು ಸುಮ್ಮನೆ ಅಲ್ಲ!

ಈಗಿನ ನಿಯಮ: ಊರು, ವಯಸ್ಸು, ಲಿಂಗ ಮೂರೂ ಹೊಂದಿ, ಅಂತರ 30 ದಿನದೊಳಗಿದ್ದರೆ ಒಬ್ಬರೇ ಇರಬಹುದೆಂದು ಸಾಲಿಗೆ ಹಳದಿ ಬಣ್ಣ. ತಾನಾಗಿ ಅಳಿಸುವ ಸೂತ್ರ ಬೇಡ. ಒಂದೇ ಊರಿಂದ ದರಕು (ಒಣ ಎಲೆ) ಗುಡಿಸಲು ಹೋದ ಒಂದೇ ವಯಸ್ಸಿನ ಗೆಳೆಯರೂ ಅದರಲ್ಲಿ ಹಾರಿಹೋಗುತ್ತಾರೆ. ಜ್ವರ ಶುರುವಾದ ದಿನ ಸಿಗದ ಐಜಿಎಂ ಪ್ರಕರಣ ಒಟ್ಟು ಲೆಕ್ಕಕ್ಕೆ ಸೇರುತ್ತದೆ, ಗೆರೆಗೆ ಸೇರುವುದಿಲ್ಲ.

ಬುಲೆಟಿನ್ ಕೊಡುವವರ ಬಗ್ಗೆ ಹೇಳದಿದ್ದರೆ ಊಟ ಸೇರುವುದಿಲ್ಲ. ಮುದ್ರಿಸಿದ ಹಾಳೆಯನ್ನು ಓರೆಯಾಗಿ ಫೋಟೋ ಹೊಡೆದು ಪಿಡಿಎಫ್ ಮಾಡುತ್ತಾರೆ. ೬ ಯಾವುದು, ೯ ಯಾವುದು, ದೇವರಿಗೇ ಗೊತ್ತು. ಟೈಪು ಮಾಡಿದ್ದೇ ಬಂದರೆ ಯೂನಿಕೋಡ್ ಅಲ್ಲದ ಫಾಂಟು, ಕಾಪಿ ಮಾಡಿದರೆ ಮಂತ್ರಾಕ್ಷತೆ.

ಜ್ವರದ ದಿನಕ್ಕೆ ಬದಲಿಸಿದ ಕೂಡಲೇ ಹೊಸ ತಲೆಬೇನೆ: ಗೆರೆಯ ಬಾಲ ಸದಾ ಕೆಳಗೆ. ಕಾಯಿಲೆ ಇಳಿದದ್ದಲ್ಲ, ವರದಿ ಇನ್ನೂ ದಾರಿಯಲ್ಲಿದೆ. ಅದಕ್ಕೆ ಪ್ರತಿದಿನದ ಶೀಟನ್ನು ಬೇರೆಯಾಗಿ ಉಳಿಸಿ, ಹಳೆಯದರ ಮೇಲೆ ಬರೆಯಬೇಡಿ. ಯಾವ ದಿನದ ಪ್ರಕರಣ ಎಷ್ಟು ತಡವಾಗಿ ಬಂತೆಂಬ ಕೋಷ್ಟಕ ಅದರಿಂದಲೇ ಹುಟ್ಟುವುದು. ಜ್ವರ ಶುರುವಾದ ಎಂಟನೇ ದಿನಕ್ಕೆ ಶೇ 40ರಷ್ಟು ವರದಿ ಬಂದಿರುತ್ತದೆ ಎಂದಿಟ್ಟುಕೊಳ್ಳಿ: ಕಂಡದ್ದು 4, ಅಂದಾಜು 4÷0.4, ಅಂದರೆ 10. ನಿನ್ನೆಯ ಪಾಲು ಶೇ 5 ಆದರೆ ಒಂದೇ ಪ್ರಕರಣ 20 ಆಗುತ್ತದೆ, ಸೊನ್ನೆ ಮಾತ್ರ ಸೊನ್ನೆಯೇ. ಹಾಗಾಗಿ ಕೊನೆಯ 5 ದಿನಕ್ಕೆ ಬೂದು ಬಣ್ಣ, ಅಂದಾಜು ಇಲ್ಲ. ಪರೀಕ್ಷೆ ಚುರುಕಾದ ವಾರ ಹಳೆಯ ಪಾಲು ಬಳಸಿದರೆ ಅಂದಾಜು ಉಬ್ಬುತ್ತದೆ. ಕೋಷ್ಟಕಕ್ಕೆ ಇತ್ತೀಚಿನ 4 ವಾರ ಸಾಕು.

ಮಳೆಗಾಲಕ್ಕೆ ಇಲಿಜ್ವರದ ಶೀಟು ತೆರೆಯಬೇಕು: ಕುಮಟಾ, ಅಂಕೋಲಾದ ದಿನದ ಮಳೆ ಒಂದು ಕಾಲಮ್ಮು, ಪ್ರಕರಣ ಇನ್ನೊಂದು. ಸೋಂಕು ತಗುಲಿ ಜ್ವರ ಬರಲು ಸಾಮಾನ್ಯವಾಗಿ 5ರಿಂದ 14 ದಿನ, ಮೇಲೆ ವರದಿಯ ತಡ. ಮಳೆ ಗೆರೆಯನ್ನು ಎಷ್ಟು ಸರಿಸಬೇಕು ಎಂಬುದರಲ್ಲೇ ಜಗಳ ಶುರುವಾಗಲಿದೆ.

ಅದಕ್ಕೆ ಮುಂಚೆ ಮಂಗನ ಕಾಯಿಲೆ ಶೀಟಿನಲ್ಲಿ ಬಾಕಿ ಇರುವುದು ಎಷ್ಟು ಮಾದರಿ ಪರೀಕ್ಷಿಸಿದರು ಎಂಬ ಕಾಲಮ್ಮು. 60ರಲ್ಲಿ 6, 200ರಲ್ಲಿ 6, ಎರಡಕ್ಕೂ ಗೆರೆ ಈಗ ಒಂದೇ ಎತ್ತರ ತೋರಿಸುತ್ತಿದೆ.