ಎಂಟು ಬಾಕ್ಸ್ ಟೊಮೆಟೊ ತೂಕ

ಕಾರ್ತಿಕ ಸೋಮವಾರ. ನಂದಿ ಬೆಟ್ಟದ ಮೇಲಿನ ಯೋಗನಂದೀಶ್ವರನಿಗೆ ಹಣ್ಣುಕಾಯಿ ಮಾಡಿಸಲೆಂದು ನಾಲ್ಕು ಜನ ಹೊರಟಿದ್ದೆವು. ಅಪ್ಪ ಮುಂದೆ, ಅಮ್ಮ ಮತ್ತು ನನ್ನ ಹೆಂಡತಿ ಹಿಂದೆ, ಸ್ಟೇರಿಂಗ್ ನನ್ನ ಕೈಯಲ್ಲಿ. ಅರ್ಧ ಬೆಟ್ಟ ಹತ್ತಿದ ಮೇಲೆ ಒಂದು ಕಡಿದಾದ ತಿರುವಿನಲ್ಲಿ ಮುಂದಿದ್ದ ಟೆಂಪೊ ನಿಂತಿತು. ನಾನೂ ನಿಲ್ಲಿಸಿದೆ. ಅದು ಹೊರಟಿತು, ನಮ್ಮ ಮಾರುತಿ 800 ಹೊರಡಲಿಲ್ಲ. ಫಸ್ಟ್ ಗೇರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟ ಕೂಡಲೇ ಎಂಜಿನ್ ಆಫ್. ಎರಡನೇ ಸಲ ಜಾಸ್ತಿ ರೇಸ್ ಕೊಟ್ಟೆ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೆಲ್ಲ ತುಂಬಿತು, ಗಾಡಿ ಒಂದು ಗೇಣು ಹಿಂದಕ್ಕೇ ಜಾರಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ.

ಅಮ್ಮ ಬಾಗಿಲು ತೆಗೆದು ಇಳಿದಳು. "ನೀವು ಮ್ಯಾಕ್ಕೆ ಹೋಗಿ ಜಾಗ ಸಿಕ್ಕ ಕಡೆ ನಿಲ್ಸಿ, ನಾನು ನಡ್ಕೊಂಡು ಬತ್ತೀನಿ" ಅಂದಳು. ಅವಳ ಹಿಂದೆಯೇ ನನ್ನ ಹೆಂಡತಿಯೂ ಇಳಿದಳು. ಆಮೇಲೆ ಗಾಡಿ ಎದ್ದಿತು. ಮಂಡಿನೋವಿನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಡೆಗೋಡೆ ಹಿಡಿದು ಹತ್ತುವುದನ್ನು ಕನ್ನಡಿಯಲ್ಲಿ ನೋಡಿದೆ. ಆ ದಿನ ದೇವರ ಮುಂದೆ ನಿಂತಾಗಲೂ ನನ್ನ ಕಣ್ಣಿಗೆ ಅದೇ ಕಾಣುತ್ತಿತ್ತು.

ಶಿಡ್ಲಘಟ್ಟದ ಕಡೆಯ ಹಳ್ಳಿ ನಮ್ಮದು. ಕಾರು 2003ರದ್ದು, ಇನ್ನೂ ಕೆಎ 07. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಅಷ್ಟರೊಳಗೆ ಇದು ಕೋಲಾರದ ನಂಬರಿನಲ್ಲೇ ನಾಲ್ಕು ವರ್ಷ ಓಡಿಯಾಗಿತ್ತು. ಅಪ್ಪ ರೇಷ್ಮೆ ಬೆಳೆಯ ದುಡ್ಡಿನಲ್ಲಿ ಕೊಂಡ ಗಾಡಿ. ಮೇಸ್ತ್ರಿಗೆ ತೋರಿಸಿದರೆ, ಎಂಜಿನ್ ಬಿಚ್ಚಿ ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕು, ಇಲ್ಲ ಮಾರಿಬಿಡಿ ಅಂದ. ನಾನು ಐಟಿಐನಲ್ಲಿ ಫಿಟ್ಟರ್ ಓದಿದವನು. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ತಂದು ಮೂರು ಸಿಲಿಂಡರನ್ನೂ ನೋಡಿದೆ. ಮೂರೂ ಹತ್ತಿರ ಹತ್ತಿರ ಒಂದೇ, ಇರಬೇಕಾದಷ್ಟೇ ಒತ್ತಡ ತೋರಿಸಿದವು. ಎಂಜಿನ್ ಸೋತಿರಲಿಲ್ಲ. ಹಾಗಾದರೆ ಅದು ಹೊರುತ್ತಿರುವುದೆಷ್ಟು ಎಂಬ ಪ್ರಶ್ನೆ ಆಗ ಹುಟ್ಟಿತು.

ಮಾರನೆಯ ಬೆಳಿಗ್ಗೆ ಊರ ಹೊರಗೆ ಲಾರಿ ತೂಗುವ ವೇಬ್ರಿಡ್ಜಿಗೆ ಹೋದೆ. ಮುಂದೆ ಜಲ್ಲಿ ಲಾರಿ, ಹಿಂದೆ ಮೇವಿನ ಟ್ರ್ಯಾಕ್ಟರ್, ನಡುವೆ ನಮ್ಮ ಕಾರು. ಅಲ್ಲಿದ್ದ ಹುಡುಗ "ಲೋಡ್ ಎಲ್ಲಣ್ಣಾ?" ಅಂದ. ಕಾರೇ ಲೋಡ್ ಅಂದೆ. ನಾನು ಕೆಳಗಿಳಿದು ನಿಂತೆ. ಚೀಟಿ ಬಂತು: 790 ಕೆಜಿ.

ಕಂಪನಿಯಿಂದ ಬಂದಾಗ ಈ ಗಾಡಿ 650 ಕೆಜಿಯ ಆಸುಪಾಸು, ಎಸಿ ಇದ್ದರೆ ಸ್ವಲ್ಪ ಮೇಲೆ. 796 ಸಿಸಿ, ಮೂರು ಸಿಲಿಂಡರ್, 37 ಕುದುರೆ ಶಕ್ತಿ. ಅಂಥ ಪುಟ್ಟ ಎಂಜಿನ್ ಇಷ್ಟು ವರ್ಷ ಇಡೀ ದೇಶವನ್ನು ಎಳೆದದ್ದು ಗಾಡಿ ಹಗುರವಾಗಿದ್ದರಿಂದಲೇ. ಆ ಹಗುರತನವನ್ನು ನಾವು ಒಂದೊಂದೇ ವರ್ಷ ತಿಂದುಹಾಕಿದ್ದೆವು. ನಾಲ್ಕು ಜನ ಕೂತರೆ ಇನ್ನೂ 250 ಕೆಜಿ. ಒಟ್ಟು 1040. ಅಂದರೆ ಟನ್ನಿಗೆ 35 ಕುದುರೆ ಚಿಲ್ಲರೆ. ಆ 37 ಕೂಡ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗಿನ ಮಾತು. ತಿರುವಿನಲ್ಲಿ ನಿಂತು ಹೊರಡುವಾಗ ಅದರ ಮೂರನೇ ಒಂದು ಪಾಲು ಸಿಕ್ಕರೆ ಹೆಚ್ಚು. ಮೇಲಾಗಿ ನಂದಿ ಬೆಟ್ಟದ ನೆತ್ತಿ 1478 ಮೀಟರ್. ಟರ್ಬೊ ಇಲ್ಲದ ಎಂಜಿನ್ ಪ್ರತಿ ನೂರು ಮೀಟರಿಗೆ ಹೆಚ್ಚುಕಡಿಮೆ ಶೇಕಡಾ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿನ ಗಾಳಿ ತೆಳು, ಪೆಟ್ರೋಲ್ ಉರಿಯಲು ಉಸಿರು ಸಾಲದು. ಗಾಳಿಯನ್ನು ನಾನು ದಪ್ಪ ಮಾಡಲಾರೆ. ತೂಕ ಮಾತ್ರ ನನ್ನ ಕೈಯಲ್ಲಿತ್ತು.

ರೇಷ್ಮೆ ಗೂಡು ತೂಗುವ ತಕ್ಕಡಿಯನ್ನು ಹುಳು ಸಾಕುವ ಹುಳುಮನೆಯಿಂದ ಅಂಗಳಕ್ಕೆ ತಂದಿಟ್ಟೆ. ಕಾರಿನಿಂದ ಇಳಿದದ್ದೆಲ್ಲ ತಕ್ಕಡಿ ಹತ್ತಿಯೇ ಒಳಗೆ ಹೋಗಬೇಕು ಎಂದು ನಿಯಮ ಮಾಡಿಕೊಂಡೆ.

ಮೊದಲು ಡಿಕ್ಕಿ. ಎರಡನೇ ಜಾಕು, ಕಟ್ಟುವ ಸರಪಳಿ, ಅರ್ಧ ಕ್ಯಾನ್ ಹಳೇ ಆಯಿಲ್, ನೀರಿನ ಕ್ಯಾನು, ಯಾವ ಬೋಲ್ಟಿಗೂ ಹೊಂದದ ಸ್ಪ್ಯಾನರುಗಳ ಗೋಣಿಚೀಲ. 17 ಕೆಜಿ. ಚಿಕ್ಕಪ್ಪನ ಮಗ ಕೂರಿಸಿದ್ದ ಸ್ಪೀಕರ್ ಡಬ್ಬ, ಆಂಪ್ಲಿಫೈಯರ್ ಸೇರಿ 13. ಆಮೇಲೆ ಎಲ್‌ಪಿಜಿ ಟ್ಯಾಂಕು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಹಾಕಿಸಿದ್ದು, ಕಿಟ್ ಕೆಟ್ಟು ಆರು ವರ್ಷವಾಗಿತ್ತು. ಕಬ್ಬಿಣದ ಚೌಕಟ್ಟಿನ ಸಮೇತ 34 ಕೆಜಿ, ಅಷ್ಟೂ ದಿನ ಹಿಂದಿನ ಚಕ್ರದ ಮೇಲೆ ಸುಮ್ಮನೆ ಕೂತಿತ್ತು. ಇದನ್ನು ಮಾತ್ರ ಮನೆಯಲ್ಲಿ ಬಿಚ್ಚಲಿಲ್ಲ, ಯಾರೂ ಬಿಚ್ಚಬಾರದು. ಒಳಗೆ ಉಳಿದ ಗ್ಯಾಸು ಕಣ್ಣಿಗೆ ಕಾಣುವುದಿಲ್ಲ. ಗ್ಯಾಸ್ ಕಿಟ್ ಕೆಲಸ ಬಲ್ಲವರ ಹತ್ತಿರ ಖಾಲಿ ಮಾಡಿಸಿ ತೆಗೆಸಿದೆ. ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಬರೀ ಪೆಟ್ರೋಲ್ ಎಂದು ತಿದ್ದಿಸಿಕೊಂಡೆ.

ನೆಲದ ಮ್ಯಾಟ್ ಎತ್ತಿದಾಗ ಎದೆ ಧಸಕ್ಕೆಂದಿತು. ಅಡಿಯ ಫೆಲ್ಟು ಹಿಂಡಿದರೆ ನೀರು. ಗಾಜಿನ ರಬ್ಬರಿನಿಂದ ಮಳೆನೀರು ಇಳಿದು ಇಳಿದು, ಅಮ್ಮ ಕಾಲಿಡುವ ಜಾಗದಲ್ಲಿ ತಗಡು ಅಂಗೈ ಅಗಲ ತುಕ್ಕು ಹಿಡಿದು ಹಪ್ಪಳವಾಗಿತ್ತು. ತೂಕ ಹುಡುಕಲು ಹೋಗದಿದ್ದರೆ ಅದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ತಗಡು ಕತ್ತರಿಸಿ ಹೊಸ ಪ್ಯಾಚ್ ವೆಲ್ಡಿಂಗ್ ಮಾಡಿಸಿದೆ, ರಬ್ಬರ್ ಬದಲಾಯಿಸಿದೆ. ಫೆಲ್ಟನ್ನು ಮೂರು ದಿನ ಬಿಸಿಲಿಗೆ ಹಾಕಿ ಒಣಗಿದ ಮೇಲೆ ತೂಗಿದರೆ 4 ಕೆಜಿ ಇಳಿದಿತ್ತು.

ಚಕ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೂಲ ಟೈರು 145/70, 12 ಇಂಚಿನದು. ನಮ್ಮ ಗಾಡಿಗೆ ಯಾವಾಗಲೋ 155/65ರ 13 ಇಂಚಿನವು ಬಂದಿದ್ದವು. ನೋಡಲು ಚೆನ್ನ. ಆದರೆ ತಲಾ 3 ಕೆಜಿ ಹೆಚ್ಚು, ನಾಲ್ಕಕ್ಕೆ 12. ತಿರುಗುವ ತೂಕವನ್ನು ಎಂಜಿನ್ ಮುಂದಕ್ಕೆ ತಳ್ಳಿದರೆ ಸಾಲದು, ತಿರುಗಿಸಲೂ ಬೇಕು. ಹಾಗಾಗಿ ಚಕ್ರದ ಒಂದು ಕೆಜಿ ಡಿಕ್ಕಿಯ ಒಂದು ಕೆಜಿಗಿಂತ ಭಾರ. ಜೊತೆಗೆ ವ್ಯಾಸ 508 ಮಿಲಿಮೀಟರಿನಿಂದ 532ಕ್ಕೆ ಏರಿತ್ತು. ಅಂದರೆ ಪ್ರತಿ ಗೇರೂ ಸುಮಾರು ಶೇಕಡಾ ಐದರಷ್ಟು ಉದ್ದವಾದಂತೆ, ಎಳೆತ ಅಷ್ಟೇ ಕಡಿಮೆಯಾದಂತೆ. ಹಳೇ ಅಳತೆಯ ರಿಮ್ಮು, ಹೊಸ ಟೈರು ಹಾಕಿಸಿದೆ. ನಾನು ಮಾಡಿದ ಖರ್ಚಿನಲ್ಲಿ ದೊಡ್ಡದು ಇದೇ, ಫಲ ಕೊಟ್ಟದ್ದೂ ಇದೇ.

ಉಳಿದದ್ದು ಮೇಲಿನ ಕ್ಯಾರಿಯರ್, ಮುಂದಿನ ಮತ್ತು ಹಿಂದಿನ ಗಾರ್ಡು. ಇವು ಅಪ್ಪನವು. ಕೇಳದೆ ಮುಟ್ಟುವ ಹಾಗಿರಲಿಲ್ಲ.

ಕ್ಯಾರಿಯರ್ ಮೇಲೆ ಗೂಡಿನ ಚೀಲ ಕಟ್ಟಿಕೊಂಡು ಅಪ್ಪ ಬೆಳಗಿನ ಜಾವ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದ. ಗೂಡಿಗೆ ತೂಕ ಕಡಿಮೆ, ಜಾಗ ಜಾಸ್ತಿ ಬೇಕು, ಒತ್ತಿ ತುಂಬುವ ಹಾಗಿಲ್ಲ. ನನ್ನ ಓದು, ತಂಗಿಯ ಮದುವೆ, ಎಲ್ಲ ಆ ಕ್ಯಾರಿಯರ್ ಮೇಲೆ ಹೋಗಿ ಬಂದದ್ದೇ. ಈಗ ಗೂಡು ಗೂಡ್ಸ್ ಆಟೋದಲ್ಲಿ ಹೋಗುತ್ತದೆ. ಗಾರ್ಡಿನ ಕಥೆ ಬೇರೆ. ಚಿಂತಾಮಣಿ ರಸ್ತೆಯಲ್ಲಿ ಒಂದು ರಾತ್ರಿ ಎಮ್ಮೆ ಅಡ್ಡ ಬಂದು ಬಾನೆಟ್ ಮುದುಡಿತ್ತು, ಪಕ್ಕದಲ್ಲಿ ಅಮ್ಮ ಇದ್ದಳು. ಮಾರನೆಯ ವಾರವೇ ಅಪ್ಪ ದಪ್ಪ ಪೈಪಿನ ಗಾರ್ಡ್ ಹಾಕಿಸಿದ್ದ.

ಊಟವಾದ ಮೇಲೆ ಮಾತು ತೆಗೆದೆ. ಗಾರ್ಡ್ ಇದ್ದರೆ ಬಂಪರ್ ಉಳಿಯುತ್ತದೆ, ಆದರೆ ಜೋರಾಗಿ ಗುದ್ದಿದಾಗ ಮುಂಭಾಗದ ತಗಡು ಮಡಿಸಿಕೊಂಡು ಪೆಟ್ಟು ನುಂಗುವ ಬದಲು ಅದು ನೇರ ಚಾಸಿಗೆ, ಒಳಗೆ ಕೂತವರಿಗೆ ಹೋಗುತ್ತದೆ ಎಂದೆ. ಅಡ್ಡ ಬಂದ ಮನುಷ್ಯನಿಗಂತೂ ಅದು ಹಾರೆಯಿದ್ದ ಹಾಗೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಡಿ ಇದು ತಪ್ಪು ಎಂದು 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಬರೆದಿತ್ತು ಎಂದೂ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು ಎದ್ದು ಹೋದ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಂಗಳದಲ್ಲಿ ಕಬ್ಬಿಣದ ಸದ್ದು. 14ನೇ ನಂಬರ್ ಸ್ಪ್ಯಾನರ್ ಹಿಡಿದು ಅಪ್ಪನೇ ನೆಲದ ಮೇಲೆ ಮಲಗಿದ್ದ. ಎರಡು ಗಾರ್ಡೂ ಸೇರಿ 27 ಕೆಜಿ. ಕ್ಯಾರಿಯರ್ 15. ಕ್ಯಾರಿಯರನ್ನು ಗುಜರಿಗೆ ಹಾಕಲಿಲ್ಲ, ಹುಳುಮನೆಯ ಗೋಡೆಗೆ ನೇತುಹಾಕಿದೆವು. ಈಗ ಅದರ ಮೇಲೆ ಹುಳು ಗೂಡು ಕಟ್ಟುವ ಚಂದ್ರಿಕೆಗಳಿವೆ.

ತೆಗೆಯದೆ ಬಿಟ್ಟದ್ದನ್ನೂ ಹೇಳಬೇಕು. ಸ್ಟೆಪ್ನಿ ತೆಗೆಯಲಿಲ್ಲ, ಒಂದು ಜಾಕು ಉಳಿಸಿದೆ. ಹಿಂದಿನ ಸೀಟು, ಸೀಟ್ ಬೆಲ್ಟು, ಬಾಗಿಲ ಒಳಗೆ ಬಲಕ್ಕೆಂದು ಇರುವ ಪಟ್ಟಿ, ಎಸಿ, ಯಾವುದನ್ನೂ ಮುಟ್ಟಲಿಲ್ಲ. ಹಗುರ ಮಾಡುತ್ತೇವೆಂದು ಹಿಂದಿನ ಸೀಟನ್ನೇ ಕಿತ್ತು, ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಕೂರಿಸುವ ಹುಡುಗರನ್ನು ನೋಡಿದ್ದೇನೆ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಅರ್ಥವಿದೆ. ಅಲ್ಲಿ ರೋಲ್ ಕೇಜ್ ಇರುತ್ತದೆ, ಹೆಲ್ಮೆಟ್ ಇರುತ್ತದೆ. ಅಮ್ಮ ಕೂರುವ ಗಾಡಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಮತ್ತೆ ವೇಬ್ರಿಡ್ಜ್. ಅದೇ ಹುಡುಗ. 670 ಕೆಜಿ. ನನ್ನ ತಕ್ಕಡಿಯ ಲೆಕ್ಕ 122, ಹತ್ತು ಕೆಜಿ ಲೆಕ್ಕದಲ್ಲಿ ತೂಗುವ ಅವರ ಯಂತ್ರ 120 ತೋರಿಸಿತು. ನಮ್ಮ ಕಡೆ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. ಎಂಟು ಬಾಕ್ಸ್ ಟೊಮೆಟೊ ತುಂಬಿಕೊಂಡು ನಾವು ಇಷ್ಟು ವರ್ಷ ಮದುವೆಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಓಡಾಡಿದ್ದೆವು. ನಾಲ್ಕು ಜನ ಕೂತರೂ ಈಗ ಟನ್ನಿಗೆ 40 ಕುದುರೆ. ಇದನ್ನೇ ಎಂಜಿನ್ ಕಡೆಯಿಂದ ಪಡೆಯಲು 37ನ್ನು 42ರ ಹತ್ತಿರ ಒಯ್ಯಬೇಕಿತ್ತು.

ಒಂದು ಬುಧವಾರ, ಬೆಟ್ಟದಲ್ಲಿ ಜನವಿಲ್ಲದ ಹೊತ್ತಿನಲ್ಲಿ, ಅಪ್ಪನನ್ನು ಕೂರಿಸಿಕೊಂಡು ಹೋದೆ. ಹತ್ತುವಾಗ ಫಸ್ಟ್ ಗೇರಿಗೆ ಇಳಿಯುತ್ತಿದ್ದ ಹಲವು ತಿರುವುಗಳನ್ನು ಸೆಕೆಂಡ್ ಗೇರಿನಲ್ಲೇ ದಾಟಿದೆವು. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಇಳಿಯುವಾಗ ಸಿಕ್ಕಿತು. ಮೊದಲೆಲ್ಲ ಅರ್ಧ ದಾರಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಡಿಸ್ಕಿನ ಕಮಟು ವಾಸನೆ ಬರುತ್ತಿತ್ತು. ಬೆಟ್ಟದ ಮೇಲೆ ಹೊತ್ತೊಯ್ದ ಪ್ರತಿ ಕೆಜಿಯೂ ಕೆಳಗಿಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿಯೇ ತೀರಬೇಕು. ಈ ಸಲ ಸೆಕೆಂಡ್ ಗೇರಿನ ಹಿಡಿತವೇ ಬಹುಪಾಲು ಸಾಕಾಯಿತು. ತಲೆಯ ಮೇಲಿನ 15 ಕೆಜಿ ಹೋದ ಮೇಲೆ ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲುವುದೂ ಕಡಿಮೆಯಾಗಿತ್ತು. ಅಪ್ಪ ಕಿಟಕಿಯ ಮೇಲಿನ ಹಿಡಿ ಬಿಟ್ಟು ಕೈಕಟ್ಟಿ ಕೂತಿದ್ದ. "ಹೊಸದ್ರಲ್ಲಿ ಹಿಂಗೇ ಇತ್ತು" ಅಂದ.

ಸಂಕ್ರಾಂತಿ ಕಳೆದ ಸೋಮವಾರ ನಾಲ್ವರೂ ಹೊರಟೆವು. ಸಾರು ಮಾಡಲು ಬೇಕೆಂದು ಅಮ್ಮ ಅವರೇಕಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ದಾರಿಯಲ್ಲೇ ಸುಲಿಯಲು. ಆ ತಿರುವು ಬಂತು. ಮುಂದೆ ಯಾವ ಗಾಡಿಯೂ ಇರಲಿಲ್ಲ. ನಾನೇ ಎಡಕ್ಕೆ ತೆಗೆದು ನಿಲ್ಲಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ. ಕನ್ನಡಿಯಲ್ಲಿ ನೋಡಿದರೆ ಅಮ್ಮ ಸುಲಿಯುವುದನ್ನು ನಿಲ್ಲಿಸಿ, ಒಂದು ಕೈಯನ್ನು ಬಾಗಿಲ ಹಿಡಿಯ ಮೇಲೆ ಇಟ್ಟಿದ್ದಳು.

ಫಸ್ಟ್ ಗೇರ್ ಹಾಕಿದೆ. ಕ್ಲಚ್ಚು ಕಚ್ಚಿ ಬಾನೆಟ್ ತುಸು ಎದ್ದಾಗ ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಡಿ ಹೊರಟಿತು. ಎರಡು ತಿರುವು ದಾಟುವವರೆಗೂ ಅಮ್ಮನ ಕೈ ಅಲ್ಲೇ ಇತ್ತು. ಮೂರನೆಯದರಲ್ಲಿ ಹಿಂದಿನಿಂದ ಅವರೇಕಾಯಿ ಸಿಪ್ಪೆ ಬಿಡಿಸುವ ಸದ್ದು ಕೇಳಿಸಿತು.